ನಿಂಬೆಹಣ್ಣು ಹಿಂಡಿದ ಮರುದಿನ

ಟಪ್. ಅಷ್ಟೇ. ಬ್ಲೌಸಿನ ಪ್ರೆಸ್ ಬಟನ್ ಬಿಚ್ಚಿಕೊಂಡರೆ ಬರುತ್ತದಲ್ಲ, ಅಂಥ ಸಣ್ಣ ಸದ್ದು. ಈಗಲೂ ಮನೆಯಲ್ಲಿ ಯಾರಾದರೂ ಡಬ್ಬಿಯ ಮುಚ್ಚಳ ತೆಗೆದಾಗ ಅದೇ ಸದ್ದು ಬಂದರೆ ನನ್ನ ಕೈ ತಾನಾಗಿಯೇ ಎದೆಯ ಮೇಲೆ ಹೋಗುತ್ತದೆ.

ಆ ಬೆಳಿಗ್ಗೆ ಬರಬೇಕಾಗಿದ್ದ ಸದ್ದು ಬೇರೆ ಇತ್ತು. ತಗಡು ಹರಿಯುವಾಗಿನ ಚರ್ರ್ ಎನ್ನುವ ಕಿರುಚು, ಹಲ್ಲು ಜುಮ್ಮೆನ್ನುವಂಥದು. ದಿನಾ ಕೆಲಸ ಸುರು ಮಾಡುವ ಮೊದಲು ಎರಡು ತುಂಡು ತಗಡನ್ನು ಜೋಡಿಸಿ, ವೈಸಿನ ಇಕ್ಕಳದಲ್ಲಿ ಕಚ್ಚಿಸಿ, ಚಾಣದಿಂದ ಎಬ್ಬಿಸಿ ಹರಿದು ನೋಡುವುದು ನಮ್ಮ ರೂಢಿ. ಜೋಡಣೆ ಚೆನ್ನಾಗಿದ್ದರೆ ಅದು ಬಿಡುವುದಿಲ್ಲ, ಅದರ ಸುತ್ತಲಿನ ತಗಡೇ ಕಿರುಚುತ್ತ ಹರಿಯುತ್ತದೆ. ಆ ಶುಕ್ರವಾರ ಕಿರುಚಲಿಲ್ಲ. ಟಪ್ ಅಂತು, ಎರಡೂ ತುಂಡು ಬೇರೆ ಬೇರೆಯಾಗಿ ನನ್ನ ಅಂಗೈಯಲ್ಲಿ ಬಿದ್ದವು.

ಇಂಡಿಯಲ್ಲಿ ಸಿಂದಗಿ ರಸ್ತೆಗೆ ಹತ್ತಿಕೊಂಡು ನನ್ನ ಮೈದುನನ ವರ್ಕ್‌ಶಾಪ್ ಇತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸುಗ್ಗಿಯಲ್ಲಿ ಬಿಳಿಜೋಳ ತುಂಬಿಡುವ ತಗಡಿನ ಕಣಜಗಳನ್ನು ಅಲ್ಲಿ ಮಾಡುತ್ತಿದ್ದೆವು. ಮೊದಲು ರಿವೆಟ್ ಹೊಡೆಯುತ್ತಿದ್ದರು. ರಿವೆಟ್ಟಿಗೆ ತೂತು ಬೇಕು, ತೂತಿದ್ದಲ್ಲಿ ನುಸಿ ಹೊಗುತ್ತದೆ. ವೆಲ್ಡಿಂಗ್ ಮಾಡಿದರೆ ತೆಳು ತಗಡಿನ ಮೇಲಿನ ಸತುವು ಸುಟ್ಟುಹೋಗಿ ಎರಡು ಮಳೆಗಾಲದಲ್ಲಿ ತುಕ್ಕು. ಅದಕ್ಕೇ ಮೈದುನ ಪುಣೆಯ ಕಡೆಯಿಂದ ಒಂದು ಹಳೆಯ ಕ್ಲಿಂಚಿಂಗ್ ಪ್ರೆಸ್ ತಂದ. ಗಾಳಿಯ ಒತ್ತಡದ ಮೇಲೆ ನಡೆಯುವ ಯಂತ್ರ. ಎರಡು ತಗಡನ್ನು ಒಂದರ ಮೇಲೊಂದು ಇಟ್ಟು ಪೆಡಲ್ ತುಳಿದರೆ ಮೇಲಿನಿಂದ ಪಂಚ್ ಎಂಬ ಉಕ್ಕಿನ ಬೆರಳು ಇಳಿದು ಎರಡನ್ನೂ ಒಟ್ಟಿಗೆ ಕೆಳಗಿನ ಅಚ್ಚಿನೊಳಗೆ, ಅಂದರೆ ಡೈಯೊಳಗೆ ಒತ್ತುತ್ತದೆ. ತಗಡು ಪುಟ್ಟ ಬಟ್ಟಲಿನಂತೆ ತಗ್ಗುತ್ತದೆ. ಬಟ್ಟಲಿನ ತಳ ಮುಟ್ಟಿದ ಮೇಲೂ ಒತ್ತಿದರೆ ಲೋಹ ಪಕ್ಕಕ್ಕೆ ಹರಡಿ, ಮೇಲಿನ ತಗಡಿನ ಹೊಟ್ಟೆ ಕೆಳಗಿನ ತಗಡಿನೊಳಗೆ ಉಬ್ಬಿ ಸಿಕ್ಕಿಕೊಳ್ಳುತ್ತದೆ. ತೂತಿಲ್ಲ, ಮೊಳೆಯಿಲ್ಲ, ಬೆಂಕಿಯಿಲ್ಲ. ನಮ್ಮಲ್ಲಿ ಅದಕ್ಕೆ ಗುಂಡಿ ಹಾಕೋದು ಅನ್ನುತ್ತಿದ್ದರು.

ಯಂತ್ರದ ಜೊತೆ ಬಂದ ಇಂಗ್ಲಿಷ್ ಮ್ಯಾನ್ಯುವಲ್ ಓದಿ ಹೇಳುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಇನ್‌ಸ್ಪೆಕ್ಷನ್ ನನ್ನ ಪಾಲಿಗೆ ಬಂತು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಪೊಯೆಟ್ರಿ ಬಾಯಿಪಾಠ ಮಾಡಿಸಿದ್ದರು. ಅದೇ ಇಂಗ್ಲಿಷಿನಲ್ಲಿ ನಾನು ಪಂಚ್ ಮತ್ತು ಡೈಗಳ ಬಗ್ಗೆ ಓದುತ್ತ ಕೂಡುವೆನೆಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಫ್ರಾಂಕ್ಲಿ, ನಾನೂ ಎಣಿಸಿರಲಿಲ್ಲ.

ನಾನು ಇನ್ನೊಂದು ತುಂಡು ಹಚ್ಚಿಸಿದೆ. ಟಪ್. ಮತ್ತೊಂದು. ಟಪ್.

ಪ್ರೆಸ್ ನಡೆಸುತ್ತಿದ್ದವಳು ನಮ್ಮ ಆಪರೇಟರ್, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳಾದ, ಗಟ್ಟಿ ಮೈಯ ಹೆಂಗಸು. ಬಾಯಿ ಸುಮ್ಮನಿದ್ದದ್ದೇ ಇಲ್ಲ. ಅವತ್ತು ಅವಳು ಪೆಡಲಿನಿಂದ ಕಾಲು ತೆಗೆದಳು.

"ಅಕ್ಕಾರ, ನಿನ್ನೆ ಮುಂಜಾನಿ ಹರದಾಗ ಚಲೋ ಇತ್ತಲ್ರಿ. ಗೇಜ್ ಹಚ್ಚಿ ನೋಡ್ರಿ."

ಬಟ್ಟಲಿನ ತಳದ ದಪ್ಪ ಅಳೆಯುವ ಗೇಜ್ ಹಚ್ಚಿದೆ. ದಪ್ಪ ಸರಿಯಾಗೇ ಇತ್ತು. ಹೊರಗಿನಿಂದ ಗುಂಡಿಯೂ ದುಂಡಗೆ, ಹೊಳೆಯುತ್ತ, ಲಕ್ಷಣವಾಗಿತ್ತು. ಒಳಗೆ ಮಾತ್ರ ಒಂದನ್ನೊಂದು ಹಿಡಿದಿರಲಿಲ್ಲ.

ಗಾಳಿಯ ವಾಲ್ವ್ ಬಂದ್ ಮಾಡಿಸಿ ಡೈ ಬಿಚ್ಚಿದೆ. ಈ ಡೈ ಹೊಸದು, ಹಾಕಿ ಇನ್ನೂ ತಿಂಗಳಾಗಿರಲಿಲ್ಲ. ಹಳೆಯದು ಇಡಿಯಾಗಿತ್ತು. ಇದರಲ್ಲಿ ಚಿಕ್ಕ ಚಿಕ್ಕ ಉಕ್ಕಿನ ಎಸಳುಗಳು, ಸುತ್ತಲೂ ಸ್ಪ್ರಿಂಗ್. ತಗಡು ಒತ್ತಿದಾಗ ಎಸಳು ಹೊರಗೆ ಸರಿದು ಲೋಹಕ್ಕೆ ಹರಡಲು ಜಾಗ ಬಿಡಬೇಕು. ಅವು ಅಲುಗಾಡುತ್ತಿರಲಿಲ್ಲ. ಎಸಳುಗಳ ಬೆನ್ನಿಗೆ ಏನೋ ಕಂದುಬಣ್ಣದ್ದು ಒಣಗಿ ಅಂಟಿಕೊಂಡಿತ್ತು. ಸೆರಗಿನ ಪಿನ್ ತೆಗೆದು ಕೆದರಿದೆ. ಸಿಪ್ಪೆಯ ಚೂರು ಬಂತು. ಅದರ ಹಿಂದೆ ಜಜ್ಜಿದ ಬೀಜ. ಮೂಗಿನ ಹತ್ತಿರ ಹಿಡಿದರೆ ಇನ್ನೂ ಹುಳಿ ವಾಸನೆ.

ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆಗೊಮ್ಮೆ ಯಂತ್ರ ತೊಳೆದು, ವಿಭೂತಿ ಎಳೆದು, ಕಾಯಿ ಒಡೆಯುವುದು ನಮ್ಮ ಕಡೆ ಎಲ್ಲ ವರ್ಕ್‌ಶಾಪಿನಲ್ಲೂ ಇದ್ದದ್ದೇ. ಟೆಂಪೋದ ಗಾಲಿಗೆ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರೆ. ಪ್ರೆಸ್ಸಿಗೆ ಗಾಲಿಯಿಲ್ಲವಲ್ಲ, ಅದಕ್ಕೆ ಪಂಚಿನ ಬಾಯಿಗೆ ನಿಂಬೆಹಣ್ಣು ಇಟ್ಟು ಪೆಡಲ್ ತುಳಿಯುತ್ತಿದ್ದರು. ಇಂಡಿಯಲ್ಲಿ ನಿಂಬೆಹಣ್ಣಿಗೇನು ಬರ. ದೊಡ್ಡದನ್ನೇ ಆರಿಸಿ ಇಟ್ಟಿದ್ದಳು ಆಪರೇಟರ್. ರಸ ಚಿಮ್ಮಿ ನನ್ನ ಚಷ್ಮಾಕ್ಕೂ ಬಿದ್ದಿತ್ತು, ಎಲ್ಲರೂ ನಕ್ಕಿದ್ದೆವು. ಹಳೆಯ ಡೈ ಆಗಿದ್ದರೆ ಒರೆಸಿದರೆ ಹೋಗುತ್ತಿತ್ತು.

ಪೂಜೆಯಾದ ಮೇಲೆ ಯಂತ್ರ ಖಾಲಿ ನಿಲ್ಲಿಸಬಾರದು, ಏನಾದರೂ ಕಟ್ಟಿ ಅದೇ ದಿನ ಹೊರಗೆ ಕಳಿಸಬೇಕು ಎಂಬುದೂ ಪದ್ಧತಿ. ಮಧ್ಯಾಹ್ನ ಮೂರು ಕಣಜ ಕಟ್ಟಿದ್ದೆವು. ಸಂಜೆಯೊಳಗೆ ಮೂರೂ ಟೆಂಪೋ ಹತ್ತಿದ್ದವು.

ಆಪರೇಟರ್ ನನ್ನ ಅಂಗೈಯ ಮೇಲಿನ ಬೀಜ ನೋಡಿದಳು. "ದೇವರ ಹಣ್ಣ್ರಿ ಅದು," ಅಂದಳು, ಯಾರೋ ತನಗೆ ಬಯ್ದ ಹಾಗೆ.

ಮೈದುನ ಚಹಾದ ಗ್ಲಾಸು ಹಿಡಿದು ಬಂದ. ತೋರಿಸಿದೆ. ಅವನು ಬಿಡಿಯಾದ ತುಂಡುಗಳನ್ನು ಮತ್ತೆ ಒಂದರೊಳಗೊಂದು ಕೂಡಿಸಿ, ಮತ್ತೆ ಕಿತ್ತು ನೋಡಿದ. ಟಪ್.

"ಖಾಲಿ ಇದ್ರ ಏನೂ ಆಗಂಗಿಲ್ಲ ವೈನಿ."

"ತುಂಬಿದ್ರ?"

ಅವನು ಫೋನ್ ಕಡೆ ಹೋದ. ಎರಡು ಕಣಜ ಸಿಂದಗಿಯ ಅಂಗಡಿಯವರಿಗೆ ಹೋಗಿದ್ದವು. ಇನ್ನೂ ಮಾರಾಟವಾಗಿಲ್ಲ, ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿವೆ ಎಂದರು. ಮುಟ್ಟಬೇಡಿ ಎಂದು ಹೇಳಿ ಫೋನ್ ಇಟ್ಟ. ಮೂರನೆಯದು ಬಸವನ ಬಾಗೇವಾಡಿಯ ಆಚೆಗಿನ ಹಳ್ಳಿಯ ಒಂದು ಮನೆಗೆ. ಅವರಲ್ಲಿ ಫೋನ್ ಇಲ್ಲ. ಇಳಿಸಿ ಬಂದಿದ್ದ ಟೆಂಪೋ ಡ್ರೈವರ್ ಹೊರಗೆ ಗಾಡಿ ಒರೆಸುತ್ತಿದ್ದ. ಅವನನ್ನು ಕರೆದು ಕೇಳಿದೆವು.

"ಅವರದ ರಾಶಿ ಆಗಿ ಕುಂತಿತ್ರಿ," ಅಂದ. "ಅಮಾಸಿ ದಿನ ಬ್ಯಾಡ, ಶುಕ್ರವಾರ ಹೊತ್ತ ಹೊಂಡೂಕ ಲಕ್ಷ್ಮಿನ್ನ ಒಳಗ ಕರಕೋತೇವಿ ಅಂದ್ಲು ಮುದುಕಿ."

"ಎಲ್ಲಿ ಇಳಿಸಿದಿ?"

"ಬಾಣಂತಿ ಕ್ವಾಣ್ಯಾಗ್ರಿ. ಮಮ್ಮಗಳ ಹಡದಾಳ. ಕಣಜ ಇಟ್ರ ಹೊರಸಿಗೆ ಗಾಳಿ ಬಡ್ಯಂಗಿಲ್ಲ, ಅಡ್ಡಗ್ವಾಡಿ ಆಗ್ತೈತಿ ಅಂತ ಅಲ್ಲೇ ಇಡಸಿದ್ಲು."

"ಕಾಳು ಬಿಡೋ ಬಾಗಿಲ ಯಾವ ಕಡೆ ಮಾಡಿ ಇಟ್ಟಿ?"

"ಪಡಸಾಲಿ ಕಡೆರಿ. ಮತ್ತ ಕಾಳ ತಗೊಳ್ಳಾಕ ಬೇಕಲ್ರಿ."

ನಮ್ಮ ಕಣಜದಲ್ಲಿ ಕೆಳಗಿನ ಬಾಗಿಲಿಗೆ ಸರಿಯಾಗಿ ಬೆನ್ನಿನ ಕಡೆ ಜೋಡಣೆಯ ಸಾಲು ಬರುತ್ತಿತ್ತು, ಮೇಲಿನಿಂದ ಕೆಳತನಕ. ಬಾಗಿಲು ಪಡಸಾಲೆಗಾದರೆ ಸಾಲು ಹೊರಸಿನ, ಅಂದರೆ ಬಾಣಂತಿಯ ಮಂಚದ ಕಡೆ. ಹತ್ತು ಕ್ವಿಂಟಲ್ ಜೋಳ, ತೆಳು ತಗಡು, ಹಿಡಿತವಿಲ್ಲದ ಗುಂಡಿಗಳು, ಅದರ ಮಗ್ಗುಲಿಗೆ ಹಸುಗೂಸು. ಐ ವಾಸ್ ಟೆರಿಫೈಡ್.

ನಾನು, ಆಪರೇಟರ್, ಡ್ರೈವರ್ ಹೊರಟೆವು. ಖಾಲಿ ಚೀಲ, ಲೋಡು ಬಿಗಿಯುವ ದಪ್ಪ ಹಗ್ಗ, ಟಾರ್ಚು ಹಾಕಿಕೊಂಡೆ. ಮೈದುನ ಟೆಂಪೋದ ಬಾಗಿಲು ಹಿಡಿದು ನಿಂತ.

"ವೈನಿ, ಒಡೀತೈತಿ ಅಂತ ಮಾತ್ರ ಅನಬ್ಯಾಡ್ರಿ. ಹೊಸಾ ಮಾಡೆಲ್ ಬಂದೈತಿ, ಬದಲಿ ಕೊಡ್ತೇವಿ ಅನ್ರಿ. ಒಂದ ಸಲ ಹೆಸರ ಹೋದ್ರ ಮುಂದಿನ ಸುಗ್ಗಿಗೆ ನಮ್ಮ ಶಟರ್ ಎತ್ತೋದ ಬ್ಯಾಡ."

ನಾನು ಆಯಿತು ಅಂದೆ. ಅವನು ಹೇಳಿದ್ದು ಸುಳ್ಳೇನೂ ಅನ್ನಿಸಲಿಲ್ಲ. ಕಣಜ ಒಡೆಯಿತಂತೆ ಎಂಬ ಮಾತು ಸಿಂದಗಿಯಿಂದ ಮುದ್ದೇಬಿಹಾಳ ಮುಟ್ಟಲು ಒಂದು ಸಂತೆ ಸಾಕು.

ದಾರಿಯಲ್ಲಿ ಪ್ರತಿ ತಗ್ಗಿಗೂ ಟೆಂಪೋ ಎತ್ತಿ ಹಾಕುತ್ತಿತ್ತು. ನನಗೆ ಕೂತಲ್ಲೇ ಕಣಜ ಕಾಣುತ್ತಿತ್ತು. ಕಾಳು ನೀರಿನ ಹಾಗೆ ಪಕ್ಕಕ್ಕೆ ಒತ್ತುತ್ತದೆ, ತಳದಲ್ಲಿ ಒತ್ತಡ ಹೆಚ್ಚು. ಒಂದು ಗುಂಡಿ ಬಿಟ್ಟರೆ ಅದರ ಭಾರ ಪಕ್ಕದ್ದಕ್ಕೆ, ಅದೂ ಬಿಟ್ಟರೆ ಅದರಾಚೆಯದಕ್ಕೆ. ಸಿಸ್ಟರ್ ಕಲಿಸಿದ್ದ ಪ್ರೇಯರ್ ಬಾಯಿಗೆ ಬಂತು. ಐವತ್ತು ದಾಟಿದ, ದಿನಾ ತುಳಸಿಗೆ ನೀರು ಹಾಕುವ ಹೆಂಗಸು ನಾನು, ಮೇರಿಯಮ್ಮನನ್ನು ನೆನೆಯುತ್ತ ಸಿಂದಗಿ ದಾಟಿದೆ. ಪಕ್ಕದಲ್ಲಿ ಆಪರೇಟರ್ ಬಸವಣ್ಣನಿಗೆ ದೀಡ ನಮಸ್ಕಾರ ಹರಕೆ ಹೊರುತ್ತಿದ್ದಳು.

"ಹಣ್ಣ ನಾನ ಇಟ್ಟೇನ್ರಿ ಅಕ್ಕಾರ."

"ಪೆಡಲ್ ತುಳಿದಾಂವ ನನ್ನ ಮೈದುನ. ಚಪ್ಪಾಳಿ ಹೊಡದಾಕಿ ನಾನು. ಸುಮ್ನ ಕೂಡು."

"ಕೂಸಿಗೇನರ ಆದ್ರ?"

"ಸುಮ್ನ ಕೂಡು ಅಂದೆ."

ಮನೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಂಗಳ ಬಳಿದು ಸ್ವಚ್ಛವಾಗಿತ್ತು, ಒಂದು ಕಾಳೂ ಇರಲಿಲ್ಲ. ಎಲ್ಲ ತುಂಬಿ ಮುಗಿಸಿದ್ದರು. ಮನೆಯ ಹಿರಿಯಳು, ಬಾಣಂತಿಯ ಅಜ್ಜಿ, ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಎಲ್ಲರೂ ಅವಳನ್ನು ಆಯಿ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಾನು ಮೈದುನ ಹೇಳಿಕೊಟ್ಟದ್ದನ್ನು ಒಪ್ಪಿಸಿದೆ. ಹೊಸ ಮಾಡೆಲ್, ಪುಕ್ಕಟೆ ಬದಲಿ.

ಆಯಿಗೆ ಖುಷಿಯಾಯಿತು. "ನೋಡ್ರಿ, ಇಂಥಾ ಮಂದಿನೂ ಅದಾರ. ನಾಳೆ ಬರ್ರಿ ಬಾಯಾರ. ಇವತ್ತ ಶುಕ್ರವಾರ. ಒಳಗ ಬಂದ ಕಾಳ ಹೊಸ್ತಲಾ ದಾಟಂಗಿಲ್ಲ."

"ಇವತ್ತ ಆಗಬೇಕು ಆಯಿ."

"ಯಾಕ? ನಿಮ್ಮ ಮಾಡೆಲ್ ಏನ್ ನಾಳೆ ಹಳೇದಾಗ್ತೈತೇನು?" ಎಂದು ನಕ್ಕಳು. ಆಪರೇಟರ್ ನಗಲಿಲ್ಲ.

ಕಣಜ ಒಮ್ಮೆ ನೋಡುತ್ತೇನೆಂದು ಒಳಗೆ ಹೋದೆ. ಕೋಣೆ ಕತ್ತಲಾಗಿತ್ತು. ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಅಜವಾನದ ಹೊಗೆ. ಹದಿನೆಂಟು ಇಪ್ಪತ್ತರ ಹುಡುಗಿ, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು, ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದಳು. ಕಣಜಕ್ಕೂ ಹೊರಸಿಗೂ ನಡುವೆ ಒಂದು ಮೊಳ ಜಾಗ. ಟಾರ್ಚು ಬಿಟ್ಟೆ. ಸಾಲಿನ ಬುಡದಲ್ಲಿ, ಎರಡು ತಗಡಿನ ನಡುವೆ, ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ಅಲ್ಲಿಂದ ಒಂದೊಂದೇ ಕಾಳು ಉದುರಿ ನೆಲದ ಮೇಲೆ ಚಿಕ್ಕ ಗುಂಪಾಗಿತ್ತು. ನಾನು ನೋಡುತ್ತಿದ್ದಂತೆ ಇನ್ನೊಂದು ಉದುರಿತು.

"ಮುಂಜಾನಿಂದ ಏನೋ ಟಪ್ ಟಪ್ ಅಂತೈತ್ರಿ," ಅಂದಳು ಹುಡುಗಿ ಪಿಸುದನಿಯಲ್ಲಿ, ಕೂಸು ಎದ್ದೀತೆಂದು. "ಇಲಿ ಹೊಕ್ಕಾವ ಅಂದ್ಲು ಆಯಿ."

ಅಲ್ಲಿಯವರೆಗೆ ನಾನು ಮೈದುನನ ಮಾತಿನೊಳಗೇ ದಾರಿ ಹುಡುಕುತ್ತಿದ್ದೆ. ಆಯಿಯ ಮನಸ್ಸು ಹೇಗೆ ಒಲಿಸಲಿ, ಶುಕ್ರವಾರಕ್ಕೆ ಏನು ಹೇಳಲಿ ಎಂದು. ಆ ಕಾಳು ಉದುರಿದ್ದು ನೋಡಿದ ಮೇಲೆ ಒಲಿಸುವ ಹೊತ್ತು ಉಳಿದಿಲ್ಲ ಅನ್ನಿಸಿತು. ಹೊರಗೆ ಕಟ್ಟೆಗೆ ಬಂದು ಆಯಿಯ ಎದುರು ಕೂತೆ.

"ಆಯಿ, ಹೊಸಾ ಮಾಡೆಲ್ ಇಲ್ಲ, ಏನಿಲ್ಲ. ಈ ಕಣಜ ನಾವು ಕೆಡಿಸೇವಿ. ಅದು ಒಡೀತೈತಿ. ಈಗ ಒಡದ್ರ ಹೊರಸಿನ ಮ್ಯಾಲೆ ಬೀಳ್ತೈತಿ."

ಆಪರೇಟರ್ ನನ್ನ ಕಡೆ ತಿರುಗಿದಳು. ಆಯಿ ಬಯ್ಯುತ್ತಾಳೆ ಎಂದುಕೊಂಡೆ. ಅವಳು ಬಾಯೊಳಗಿನ ಎಲೆ ಅಂಗಳಕ್ಕೆ ಉಗುಳಿ ಎದ್ದಳು.

"ಕೂಸಿನ್ನ ಎತ್ಗೊಂಡ ಹೊರಗ ಬಾ," ಎಂದು ಕೋಣೆಯ ಕಡೆ ಕೂಗಿದಳು.

"ಗಾಳಿ ಬಡೀತೈತಿ ಅಂದಿದ್ದಿ?" ಒಳಗಿಂದ ಹುಡುಗಿ.

"ಗಾಳಿ ಬಡದ್ರ ಔಷಧ ಐತಿ. ಬಾ ಅಂದ್ರ ಬಾ."

ತಲೆಯ ಮೇಲೆ ಕಂಬಳಿ ಹೊದ್ದು ಬಾಣಂತಿ ಹೊರಗೆ ಬಂದಳು, ಕಂಬಳಿಯೊಳಗೆ ಕೂಸು. ಅಷ್ಟರಲ್ಲಿ ಆಯಿಯ ಮಗ ಹೊಲದಿಂದ ಬಂದವನು ಸುದ್ದಿ ಕೇಳಿ ನೇರವಾಗಿ ಕಣಜದ ಕೆಳಗಿನ ಬಾಗಿಲಿಗೆ ಕೈ ಹಾಕಿದ. ಬೇಗ ಖಾಲಿ ಮಾಡಿದರಾಯಿತು ಎಂದು.

"ಬಾಗಿಲ ತೆಗೀಬ್ಯಾಡ್ರಿ!" ನಾನು ಚೀರಿದೆ. ನನ್ನ ದನಿಗೆ ನಾನೇ ಹೆದರಿದೆ.

ನಿಂತ ಕಾಳಿಗಿಂತ ಹರಿಯುವ ಕಾಳು ಗೋಡೆಯನ್ನು ಹೆಚ್ಚು ತಳ್ಳುತ್ತದೆ. ಕೆಳಗಿನಿಂದ ಬಿಟ್ಟರೆ ಆ ಸಾಲು ಮೇಲಿನತನಕ ಬಿಚ್ಚಿಕೊಳ್ಳುತ್ತಿತ್ತು. ಮೊದಲು ಸುತ್ತಲೂ ಹಗ್ಗ ಬಿಗಿಯಬೇಕು, ಆಮೇಲೆ ಮೇಲಿನ ಬಾಯಿಂದ ಬುಟ್ಟಿಯಲ್ಲಿ ಎತ್ತಬೇಕು. ಹೇಳಿದೆ. ಆಯಿ ಒಂದೇ ಕರಾರು ಹಾಕಿದಳು: ಕಾಳು ಪಡಸಾಲೆಯಲ್ಲೇ ಚೀಲಕ್ಕೆ ಬೀಳಬೇಕು, ಹೊಸ್ತಿಲು ದಾಟಬಾರದು. ಒಪ್ಪಿದೆ.

ಹಗ್ಗ ಸುತ್ತಬೇಕೆಂದರೆ ಯಾರಾದರೂ ಕಣಜದ ಹಿಂದೆ ಹೋಗಬೇಕು. ಹೊರಸು ಎತ್ತಲು ಬರುತ್ತಿರಲಿಲ್ಲ. ಅದರ ಆಚೆ ಬದಿ ಗೋಡೆಗೆ ಹತ್ತಿತ್ತು, ಎತ್ತಿದರೆ ಕಾಲು ಕಣಜಕ್ಕೆ ಬಡಿದೀತೆಂದು ಅಲುಗಾಡಿಸಲು ನನಗೆ ಧೈರ್ಯವಾಗಲಿಲ್ಲ. ಆಯಿಯ ಮಗನ ಭುಜ ಅಲ್ಲಿ ತೂರುತ್ತಿರಲಿಲ್ಲ. ಆಪರೇಟರ್ ಆ ಸಂದಿಯನ್ನು ನೋಡಿದಳು, ತನ್ನ ಹೊಟ್ಟೆಯನ್ನು ನೋಡಿಕೊಂಡಳು.

"ನಾ ಹೊಕ್ರ ಹೊರಗ ಬರಂಗಿಲ್ರಿ ಅಕ್ಕಾರ. ಕಣಜದ ಕೂಡ ನನ್ನೂ ಒಡೀಬೇಕಾಗ್ತೈತಿ."

ಹಾಗಾಗಿ ನಾನೇ ಹೋದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡಡ್ಡ ಸರಿದೆ. ಮೊಣಕಾಲ ಹಿಂದೆ ಹೊರಸು, ಮುಖದ ಎದುರಿಗೆ ಆ ಸಾಲು. ತಗಡು ತಣ್ಣಗಿತ್ತು. ಒಳಗೆ ಕಾಳು ಸಣ್ಣಗೆ ಸರಬರ ಅನ್ನುತ್ತಿತ್ತು, ದೂರದಲ್ಲಿ ಯಾರೋ ನಡೆದಂತೆ. ಆಪರೇಟರ್ ಬಲಗಡೆಯಿಂದ ಹಗ್ಗದ ತುದಿ ಕೊಟ್ಟಳು. ನಾನು ಅದನ್ನು ಬುಡದ ಹತ್ತಿರ ಹಿಂದಿನಿಂದ ದಾಟಿಸಿ ಎಡಗಡೆ ಆಯಿಯ ಮಗನಿಗೆ ಕೊಟ್ಟೆ. ಅವನು ಗಂಟು ಹಾಕಿ, ಗಂಟಿನೊಳಗೆ ಬಡಿಗೆ ತೂರಿಸಿ ತಿರುವಿದ. ಹಗ್ಗ ಬಿಗಿಯಿತು. ತಗಡು ನರಳಿತು.

"ಮೆಲ್ಲಕ, ಮೆಲ್ಲಕ!"

ಎರಡನೆಯ ಸುತ್ತು ನನ್ನ ಸೊಂಟದ ಎತ್ತರಕ್ಕೆ. ಹಗ್ಗ ದಾಟಿಸುತ್ತಿದ್ದಾಗ, ನನ್ನ ಗದ್ದದ ಹತ್ತಿರವೇ, ಟಪ್. ಗುಂಡಿಯೊಂದು ಬಿಟ್ಟಿತು. ಸಂದಿಯಿಂದ ಕಾಳು ನನ್ನ ಕುತ್ತಿಗೆಯೊಳಗೆ ಸುರಿಯಿತು. ನಾನು ಕಣ್ಣು ಮುಚ್ಚಿದೆ. ಓಡಲು ಬರುವಂತಿರಲಿಲ್ಲ. ಮುಂದಿನ ಸದ್ದಿಗೆ ಕಾದೆ. ಬರಲಿಲ್ಲ.

"ಅಕ್ಕಾರ, ಅದೀರೇನ್ರಿ?"

"ಅದೇನಿ. ಹಗ್ಗ ಎಳೀರಿ."

ಐದು ಸುತ್ತು ಬಿಗಿದೆವು. ಹೊರಗೆ ಬಂದಾಗ ಆಯಿ ನನ್ನ ಬಾಯಿಗೆ ಬೆಲ್ಲದ ತುಂಡು ಇಟ್ಟಳು. ಆಮೇಲೆ ಸ್ಟೂಲು ಹಾಕಿ ಮೇಲಿನ ಮುಚ್ಚಳ ತೆಗೆದು ಬುಟ್ಟಿ ಬುಟ್ಟಿಯಾಗಿ ಎತ್ತಿದೆವು. ಡ್ರೈವರ್, ಆಯಿಯ ಮಗ, ಆಪರೇಟರ್ ಸರದಿ ಹಿಡಿದರು. ಪಡಸಾಲೆ ತುಂಬ ಚೀಲಗಳು ಎದ್ದು ನಿಂತವು. ಒಂದು ಕಾಳೂ ಹೊಸ್ತಿಲು ದಾಟಲಿಲ್ಲ. ಮೂಲೆಯಲ್ಲಿ ಕಂಬಳಿ ಹೊದ್ದು ಕೂತ ಬಾಣಂತಿ ನಮ್ಮನ್ನು ನೋಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಕಣಜ ಖಾಲಿಯಾಯಿತು. ಹಗ್ಗ ಬಿಚ್ಚಿದೆವು. ನಾನು ಬುಡದ ತಗಡಿನ ಅಂಚಿಗೆ ಎರಡು ಬೆರಳು ಹಾಕಿ ಎಳೆದೆ. ಜೋರಾಗಿಯೂ ಅಲ್ಲ. ಟಪ್ ಟಪ್ ಟಪ್ ಎನ್ನುತ್ತ ಸಾಲು ತಳದಿಂದ ಮೇಲಿನತನಕ ತೆರೆದುಕೊಂಡಿತು, ಬ್ಲೌಸಿನ ಬಟನ್ ಬಿಚ್ಚಿದ ಹಾಗೆ. ಬಾಣಂತಿ ಖಾಲಿ ಹೊರಸನ್ನು ನೋಡಿದಳು, ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

ಆಯಿ ಆಗ ಕೇಳಿದಳು, "ಹೆಂಗ ಕೆಡ್ತು ಇದು?"

ನಿಂಬೆಹಣ್ಣಿನ ಕತೆ ಹೇಳಿದೆ. ಆಪರೇಟರ್ ತಲೆ ತಗ್ಗಿಸಿದಳು. ಆಯಿ, "ಹುಳಿ ತಿಂದು ದೇವರ ಹಲ್ಲ ಚಳಿತಾವೇನೋ," ಅಂದಳು. ಆಪರೇಟರ್ ಮೊದಲು ನಕ್ಕಳು, ಆಮೇಲೆ ಹೊಸ್ತಿಲ ಮೇಲೆ ಕೂತು ಅತ್ತಳು.

ಮೈದುನ ಮೂರು ದಿನ ನನ್ನ ಜೊತೆ ಮಾತು ಬಿಟ್ಟ. ನಾಲ್ಕನೆಯ ದಿನ ತಾನೇ ಡೈ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕೂತಿದ್ದ. ಅಲ್ಲಿಂದ ಮುಂದೆ ಅಮಾವಾಸ್ಯೆಗೆ ನಿಂಬೆಹಣ್ಣು ಯಂತ್ರದ ಪೀಠದ ಮುಂದೆ ನೆಲದ ಮೇಲೆ ಇಟ್ಟೆವು. ಪೂಜೆಯಾದ ಮೇಲೆ ಇನ್ನೊಮ್ಮೆ ತುಂಡು ಹರಿದು ನೋಡುವುದೂ ಪೂಜೆಯ ಭಾಗವೇ ಆಯಿತು. ಸಿಂದಗಿಯ ಎರಡು ಕಣಜ ವಾಪಸು ಬಂದವು, ಅವನ್ನು ನಾವೇ ಕತ್ತರಿಸಿ ಹಾಕಿದೆವು. ಹೆಸರು ಹೋಯಿತೇ ಇಲ್ಲವೇ ಎಂದು ನನಗೆ ಇವತ್ತಿಗೂ ತಿಳಿಯದು. ಆ ಸುಗ್ಗಿ ಬೇಡಿಕೆ ಕಡಿಮೆಯಾಯಿತು, ಮುಂದಿನ ಸುಗ್ಗಿಗೆ ಶಟರ್ ಎದ್ದಿತು.

ಬದಲಿ ಕಣಜವನ್ನು ಕಳಿಸುತ್ತೇವೆಂದರೆ ಆಯಿ ಬೇಡ, ತಾನೇ ನೋಡಿ ಒಯ್ಯುತ್ತೇನೆ ಅಂದಿದ್ದಳು. ಮಳೆಗಾಲದ ಮೊದಲು ಒಂದು ದಿನ ತಾನೇ ಬಸ್ಸು ಹತ್ತಿ ಇಂಡಿಗೆ ಬಂದಳು. ಸೊಂಟದ ಮೇಲೆ ಕೂಸು. ಕತ್ತು ನಿಂತಿತ್ತು, ಕಣ್ಣಿಗೆ ಕಾಡಿಗೆ, ಗಲ್ಲಕ್ಕೆ ದೃಷ್ಟಿಬೊಟ್ಟು. ಹುಡುಗಿ ಹಿಂದೆ ಚೀಲ ಹಿಡಿದು ಬಂದಳು. ಆಯಿ ನೇರ ವೈಸಿನ ಹತ್ತಿರ ಹೋಗಿ, "ಹರದ ತೋರಸ್ರಿ," ಅಂದಳು. ಆಪರೇಟರ್ ಗುಂಡಿ ಹಾಕಿಕೊಟ್ಟಳು, ನಾನು ಚಾಣ ಹಿಡಿದೆ. ತಗಡು ಚರ್ರ್ ಎಂದು ಕಿರುಚಿತು. ಕೂಸು ಬೆಚ್ಚಿ ಅಳಲು ಸುರು ಮಾಡಿತು. ಆಯಿ ಅದರ ಬೆನ್ನು ತಟ್ಟುತ್ತ, "ಅಳು, ಅಳು. ಇದ ಚಲೋ ಸಪ್ಪಳ," ಅಂದಳು.

ಆಮೇಲೆ ಹೊಸ ಕಣಜದ ಸಾಲಿನುದ್ದಕ್ಕೂ ಬೆರಳಿನ ಉಂಗುರದಿಂದ ಒಂದೊಂದೇ ಗುಂಡಿ ಬಡಿದು ಕಿವಿಗೊಟ್ಟು ಕೇಳಿದಳು. ಒಂದನ್ನೂ ಬಿಡಲಿಲ್ಲ. ಟೆಂಪೋಕ್ಕೆ ಹೇರಿದ ಮೇಲೆ ಚೀಲದಿಂದ ನಾಲ್ಕು ನಿಂಬೆಹಣ್ಣು ತೆಗೆದು ನನ್ನ ಉಡಿಯಲ್ಲಿ ಹಾಕಿದಳು. ಇಂಡಿಗೆ ನಿಂಬೆಹಣ್ಣು ತಂದವರನ್ನು ನಾನು ಅವಳೊಬ್ಬಳನ್ನೇ ಕಂಡೆ.

"ಶರಬತ್ತ ಮಾಡ್ಕೊಂಡ ಕುಡೀರಿ ಬಾಯಾರ. ಮಷೀನಿಗೆ ಕೊಡಬ್ಯಾಡ್ರಿ."

ಡ್ರೈವರ್ ಎಷ್ಟು ಕರೆದರೂ ಮುಂದೆ ಕೂಡಲಿಲ್ಲ. ಹುಡುಗಿಯನ್ನು ಮುಂದೆ ಕೂಡಿಸಿ, ತಾನು ಕೂಸನ್ನೆತ್ತಿಕೊಂಡು ಹಿಂದೆ ಕಣಜದ ಪಕ್ಕದಲ್ಲಿ ಕೂತಳು. ಟೆಂಪೋ ಸಿಂದಗಿ ರಸ್ತೆಗೆ ತಿರುಗುವಾಗ ನೋಡಿದೆ. ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಬೆನ್ನನ್ನು ಪೂರ್ತಿ ಆ ಸಾಲಿಗೆ ಆನಿಸಿ ಕೂತಿದ್ದಳು ಆಯಿ. ನಾನು ಅವಳನ್ನು ನೋಡಿದ್ದು ಅದೇ ಕೊನೆ.